ಮೆಣಸಿನಕಾಯಿ ಬೀಜದ ಮೊಳಕೆ: ಮನೆಯಲ್ಲಿ ಮಾಡತಕ್ಕ ಪರೀಕ್ಷೆ

ಮೆಣಸಿನಕಾಯಿಯ ಬೀಜವನ್ನು ಒಟ್ಲುಪಾತಿಗೆ ಚೆಲ್ಲಿ ಹದಿನೈದು ದಿನಗಳಾದರೂ ಹಸುರು ತಲೆದೋರದಿದ್ದರೆ, ರೈತನು ಮಣ್ಣನ್ನು ಹಳಿಯುವುದು, ಇರುವೆಯನ್ನು ಹಳಿಯುವುದು, ಕಡೆಗೆ ತನ್ನ ಗ್ರಹಚಾರವನ್ನು ಹಳಿಯುವುದು ವಾಡಿಕೆಯಾಗಿದೆ. ಬೀಜದಲ್ಲಿ ಜೀವವಿದ್ದಿತೇ ಎಂದು ಬಿತ್ತುವುದಕ್ಕೆ ಮೊದಲೇ ವಿಚಾರಿಸುವವರು ವಿರಳ. ರೋಹಿಣಿ ಮಳೆಗೆ ಹಾಕಿದ ಒಟ್ಲು ಕೆಟ್ಟಿತೆಂದು ನಿಶ್ಚಯವಾಗುವುದರೊಳಗೆ ಮೂರು ವಾರಗಳು ಕಳೆಯುವುವು. ಮರಳಿ ಬಿತ್ತಿದ ಸಸಿಗಳು ಆರು ವಾರ ಬೆಳೆದು ನಾಟಿಗೆ ಬರುವ ವೇಳೆಗೆ ಪುನರ್ವಸು ಕಳೆದು ಆಶ್ಲೇಷ ಬಂದಿರುತ್ತದೆ. ಮಳೆಯನ್ನೇ ನಂಬಿದ ಹಾವೇರಿ, ಧಾರವಾಡ, ಗದಗ ಸೀಮೆಯ ಹೊಲಗಳಲ್ಲಿ ಹೀಗೆ ಹಿಂದೆ ಬಿದ್ದ ಬೆಳೆಯು ಕಾಯಿಕಟ್ಟುವ ಕಾಲಕ್ಕೆ ತೇವವಿಲ್ಲದೆ ಸೊರಗುವ ಭಯವುಂಟು. ಇಂತಹ ನಷ್ಟವನ್ನು ಒಂದು ಬಟ್ಟೆಯ ತುಂಡು, ಒಂದು ತಟ್ಟೆ, ನೂರು ಬೀಜ ಇವುಗಳಿಂದ ಮನೆಯಲ್ಲಿಯೇ ಬಹುಮಟ್ಟಿಗೆ ತಪ್ಪಿಸಬಹುದು.

ಮೆಣಸಿನ ಗಿಡವು ಅಮೆರಿಕಾ ಖಂಡದ ಬಿಸಿಯಾದ ಸೀಮೆಗಳದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅದು ಭರತಖಂಡಕ್ಕೆ ಬಂದಿತು. ಅದರ ಬೀಜವು ಮೊಳೆಯಲು ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡಿನ ಬೆಚ್ಚನೆಯು ಬೇಕು. ೧೫ ಡಿಗ್ರಿಗಿಂತ ಕಡಮೆಯಾದರೆ ಮೊಳಕೆಯು ಬಹುಮಟ್ಟಿಗೆ ನಿಂತೇಹೋಗುವುದು. ಬ್ಯಾಡಗಿಯಂತಹ ಹೊಲದ ಜಾತಿಗಳು ಸರಿಯಾದ ಬೆಚ್ಚನೆಯಲ್ಲಿ ಒಂದರಿಂದ ಎರಡು ವಾರಗಳಲ್ಲಿ ಮೊಳೆಯುವುವು. ಮಲೆನಾಡು ಮತ್ತು ಕರಾವಳಿಯ ಹಿತ್ತಿಲುಗಳ ಗಾಂಧಾರಿ ಮೆಣಸು, ಈಶಾನ್ಯ ಭಾರತದ ಭೂತ್ ಜೊಲೊಕಿಯಾ ಮೊದಲಾದ ಅತಿ ಖಾರದ ಜಾತಿಗಳಿಗೆ ಮೂರು ನಾಲ್ಕು ವಾರ, ಕೆಲವು ವೇಳೆ ಆರು ವಾರವೂ ಹಿಡಿಯಬಹುದು. ಆದುದರಿಂದ ಇವುಗಳ ವಿಷಯದಲ್ಲಿ ಅವಸರಪಟ್ಟು ಪಾತಿಯನ್ನು ಕೆದಕಕೂಡದು.

ಬೀಜದ ಖಾರವೇ ಮೊಳಕೆಗೆ ತಡೆಯೆಂದು ಕೆಲವರು ಭಾವಿಸುವರು. ಖಾರದ ಸತ್ವವು ಹುಟ್ಟುವುದು ಕಾಯೊಳಗೆ ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಹೊರಗಿನಿಂದ ಅಂಟುವುದು ಮಾತ್ರ. ಹಕ್ಕಿಗಳಿಗೆ ಈ ಖಾರವು ತಾಕುವುದಿಲ್ಲ. ಅವು ನುಂಗಿ ಹಾಕಿದ ಬೀಜಗಳಿಂದಲೇ ಗಾಂಧಾರಿ ಮೆಣಸು ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟುವುದನ್ನು ಕಾಣಬಹುದು.

ಬೀಜಕ್ಕಾಗಿ ರೋಗವಿಲ್ಲದ ಗಿಡದಲ್ಲಿ ಪೂರ್ತಿಯಾಗಿ ಹಣ್ಣಾದ ಕಾಯಿಗಳನ್ನೇ ಆರಿಸತಕ್ಕದ್ದು. ಖಾರದ ಜಾತಿಯೂ ಸಪ್ಪೆಯ ಜಾತಿಯೂ ಒತ್ತಾಗಿದ್ದರೆ ಹುಳುಗಳ ಮೂಲಕ ಪರಾಗವು ಬೆರೆತು, ಮುಂದಿನ ಪೈರಿನಲ್ಲಿ ಗುಣವು ಕೆಡುವುದು. ಸಂಕರ ತಳಿಯ ಬೀಜವನ್ನು ಮನೆಯಲ್ಲಿ ಕಾದಿಟ್ಟರೂ ಅದೇ ಗುಣವು ಮರಳಿ ಬರಲಾರದು. ಹಣ್ಣುಗಳನ್ನು ನೆರಳಿನಲ್ಲಿ ಒಣಗಿಸಿ, ಬೀಜವನ್ನು ಬೇರ್ಪಡಿಸಿ, ಕಪ್ಪಾದವನ್ನು ತೆಗೆದುಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದೆಡೆ ಇಡಬೇಕು. ಅಡಿಗೆಗಾಗಿ ಹುರಿದ ಕಾಯಿಯ ಬೀಜವು ಬಿತ್ತನೆಗೆ ಕೆಲಸಕ್ಕೆ ಬಾರದು.

ಪರೀಕ್ಷೆಯ ಕ್ರಮವು ಹೀಗೆ: ಒಟ್ಲು ಹಾಕುವುದಕ್ಕೆ ಮೂರು ವಾರ ಮುಂಚೆ, ಆರಿಸದೆ ಬಂದಂತೆ ನೂರು ಬೀಜಗಳನ್ನು ಎಣಿಸಿಕೊಳ್ಳಬೇಕು. ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತೊಯ್ದು ಹಿಂಡಿದ ಶುಭ್ರವಾದ ಹತ್ತಿ ಬಟ್ಟೆಯ ಮೇಲೆ ಹತ್ತು ಸಾಲುಗಳಲ್ಲಿ ಹರಡಿ, ಬಟ್ಟೆಯನ್ನು ಮಡಿಸಿ ತಟ್ಟೆಯಲ್ಲಿಟ್ಟು ಮುಚ್ಚಬೇಕು. ತಟ್ಟೆಯು ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿರಲಿ, ಒಲೆಯ ಮೇಲೆ ಬೇಡ. ದಿನಕ್ಕೊಮ್ಮೆ ಬಿಚ್ಚಿ ಗಾಳಿ ತೋರಿಸಿ, ಒಣಗಿದ್ದರೆ ನೀರು ಚಿಮುಕಿಸಬೇಕು. ನೀರು ನಿಂತರೆ ಬೀಜವು ಉಸಿರುಕಟ್ಟಿ ಕೊಳೆಯುವುದು. ಏಳನೆಯ ದಿನ ಒಮ್ಮೆಯೂ ಹದಿನಾಲ್ಕನೆಯ ದಿನ ಮತ್ತೊಮ್ಮೆಯೂ ಮೊಳೆತವನ್ನು ಎಣಿಸಿ ಬರೆದಿಡತಕ್ಕದ್ದು. ಗಾಂಧಾರಿಯಂತಹ ನಿಧಾನದ ಜಾತಿಗೆ ಇನ್ನೂ ಹೆಚ್ಚು ದಿನ ಕಾಯಬೇಕು.

ಈ ಎಣಿಕೆಯೇ ಮುಂದಿನ ಕೆಲಸಕ್ಕೆ ಅಳತೆ. ನೂರಕ್ಕೆ ೮೦ ಮೊಳೆತರೆ ಸಾವಿರ ಮೊಳಕೆಗಳಿಗೆ ೧,೨೫೦ ಬೀಜ ಸಾಕು. ೪೦ ಮಾತ್ರ ಮೊಳೆತರೆ ೨,೫೦೦ ಬೇಕು. ಅದಕ್ಕಿಂತಲೂ ಕಡಮೆಯಾದರೆ ಆ ಬೀಜವನ್ನು ಬಿಟ್ಟು ಬೇರೆ ಬೀಜವನ್ನು ಹುಡುಕಲು ಇನ್ನೂ ಕಾಲವಿರುತ್ತದೆ. ಪರೀಕ್ಷೆಯ ಫಲವು ಮುಖ್ಯವಾಗಿ ಇದೇ. ಪ್ರಮಾಣಿತ ಬೀಜಕ್ಕೆ ನೂರಕ್ಕೆ ೬೦ರ ಮೊಳಕೆಯು ಕನಿಷ್ಠವೆಂದು ಗೊತ್ತಾಗಿದೆ. ಬೆಲೆಬಾಳುವ ಪೊಟ್ಟಣದ ಬೀಜವಾದರೆ ೨೫ನ್ನು ಮಾತ್ರ ಪರೀಕ್ಷಿಸಿ, ರಸೀದಿಯನ್ನೂ ಚೀಟಿಯಿರುವ ಪೊಟ್ಟಣವನ್ನೂ ಬೆಳೆಯು ಕೈಸೇರುವವರೆಗೆ ಜೋಪಾನವಾಗಿಟ್ಟುಕೊಳ್ಳತಕ್ಕದ್ದು. ದೂರು ಕೊಡಬೇಕಾದಾಗ ಇವೇ ಸಾಕ್ಷಿ.

ಬಟ್ಟೆಯಲ್ಲಿ ಮೊಳೆತ ಬೀಜವನ್ನು ಎಸೆಯಬೇಕಾಗಿಲ್ಲ. ತಳದಲ್ಲಿ ತೂತು ಮಾಡಿದ ತೆಂಗಿನ ಚಿಪ್ಪುಗಳಲ್ಲಿ ಮಣ್ಣು, ಮರಳು, ಕಳಿತ ಗೊಬ್ಬರಗಳನ್ನು ಸಮವಾಗಿ ಬೆರೆಸಿ ತುಂಬಿ, ಬೇರು ಮುರಿಯದಂತೆ ಅರ್ಧ ಸೆಂಟಿಮೀಟರು ಆಳದಲ್ಲಿ ಊರಿದರೆ, ಹಿತ್ತಿಲಿಗೆ ಬೇಕಾದ ಗಿಡಗಳು ಇವುಗಳಿಂದಲೇ ದೊರೆಯುವುವು. ಮೊಳೆತ ಮೇಲೆ ಚಿಪ್ಪುಗಳನ್ನು ಬೆಳಕಿಗೆ ತರಬೇಕು. ಸಸಿಗಳು ಒತ್ತಾಗಿದ್ದು ನೀರು ಹೆಚ್ಚಾದರೆ, ಬುಡವು ಕರಗಿ ಮಲಗಿಬಿಡುವ ರೋಗವು ಒಂದೆರಡು ದಿನಗಳಲ್ಲಿ ಪಾತಿಯನ್ನೇ ಬಯಲು ಮಾಡೀತು. ಏರುಮಡಿ, ತೆಳುವಾದ ಬಿತ್ತನೆ, ಬೆಳಗಿನ ಮಿತವಾದ ನೀರು ಇವು ಅದಕ್ಕೆ ತಡೆ. ಬಿತ್ತುವ ಮುನ್ನ ಕಿಲೋ ಬೀಜಕ್ಕೆ ೪ ಗ್ರಾಮಿನಂತೆ ಟ್ರೈಕೋಡರ್ಮದ ಪುಡಿಯನ್ನು ಲೇಪಿಸುವುದೂ ಹಿತಕರ.

ಮಳೆಯು ರೈತನ ಕೈಯಲ್ಲಿಲ್ಲ; ಬೀಜದ ಎಣಿಕೆಯು ಅವನ ಕೈಯಲ್ಲಿಯೇ ಇದೆ. ಒಟ್ಲಿನ ಕಾಲಕ್ಕೆ ಮುಂಚೆ ಪ್ರತಿಯೊಂದು ಮನೆಯಲ್ಲಿಯೂ ಈ ನೂರು ಬೀಜಗಳ ಪರೀಕ್ಷೆಯು ನಡೆಯುವುದು ಅವಶ್ಯಕ.