ತುಂಬಿದ ಬಂಡಿಯನ್ನು ಬರಿದು ಮಾಡುವ ವಿದ್ಯೆ

ಅಗೆಯುವವನ ಶ್ರಮವನ್ನು ಲೋಕವು ಹೊಗಳುತ್ತದೆ. ಸಾಗಿಸುವವನನ್ನು ಒಮ್ಮೊಮ್ಮೆ ನೆನೆಯುತ್ತದೆ. ಸುರಿಯುವವನನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಮಣ್ಣು, ಕಲ್ಲು, ಅದಿರು, ಕಲ್ಲಿದ್ದಲು ಮೊದಲಾದುವನ್ನು ರೈಲಿನ ಮೇಲೆ ಹೇರಿ ಸಾಗಿಸುವ ಕಡೆಗಳಲ್ಲೆಲ್ಲ ಕೆಲಸದ ವೇಗವು ಕಟ್ಟಕಡೆಗೆ ಈ ಮೂರನೆಯವನ ಕೈಯಲ್ಲಿಯೇ ಇರುವುದು. ನೂರಾರು ಮೈಲಿಗಳನ್ನು ಒಂದೇ ರಾತ್ರಿಯಲ್ಲಿ ಓಡಿಬಂದ ಗಾಡಿಯು ಬರಿದಾಗುವುದಕ್ಕಾಗಿ ಒಂದು ಹಗಲೆಲ್ಲ ಕಾದು ನಿಂತರೆ ಆ ಓಟದ ಫಲವೇನು? ತುಂಬಿ ನಿಂತ ವ್ಯಾಗನ್ನು ಗಾಲಿಯುಳ್ಳ ಉಗ್ರಾಣವಾಗಿ ಪರಿಣಮಿಸುವುದು. ಅದರ ದಾರಿ ನೋಡುತ್ತಿರುವ ಮತ್ತೊಂದು ಗಣಿ, ಮತ್ತೊಂದು ಕಾರ್ಖಾನೆ ಸುಮ್ಮನೆ ಕುಳಿತಿರಬೇಕಾಗುವುದು. ಆದುದರಿಂದ ತುಂಬಿದ ಬಂಡಿಯನ್ನು ಬರಿದು ಮಾಡುವ ಯಂತ್ರಗಳ ವಿಚಾರವು ಎಂಜಿನಿಯರುಗಳಿಗೆ ಮಾತ್ರ ಬಿಟ್ಟುಬಿಡತಕ್ಕ ವಿಚಾರವಲ್ಲ.

ಈ ವಿದ್ಯೆಯ ಮೂಲತತ್ತ್ವವು ನಮ್ಮ ರೈತನಿಗೆ ಹೊಸದೇನೂ ಅಲ್ಲ. ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆದ ಒಕ್ಕಲಿಗನು ಎತ್ತುಗಳ ಕೊರಳು ಬಿಚ್ಚಿ, ಹಿಂಬದಿಯ ತಡೆಯನ್ನು ತೆಗೆದು, ಮೂಕಿಯನ್ನು ಮೇಲಕ್ಕೆತ್ತುತ್ತಾನೆ. ಅಚ್ಚಿನ ಮೇಲೆ ತಕ್ಕಡಿಯ ದಂಡಿಗೆಯಂತೆ ತೂಗಿಕೊಂಡಿದ್ದ ಬಂಡಿಯು ಹಿಂದಕ್ಕೆ ಓರೆಯಾಗಲು, ಗೊಬ್ಬರವು ತನ್ನ ಭಾರದಿಂದ ತಾನೇ ಜಾರಿ ಬೀಳುತ್ತದೆ. ಇಲ್ಲಿ ಮನುಷ್ಯನು ಮಾಡಿದುದು ಅಲ್ಪ. ಭೂಮಿಯ ಆಕರ್ಷಣವು ಮಾಡಿದುದು ಬಹಳ. ಎಷ್ಟೇ ದೊಡ್ಡ ಯಂತ್ರವಾದರೂ ಈ ಉಪಾಯವನ್ನು ಮೀರಿದುದಲ್ಲ.

ಆದರೆ ರೈಲಿಗೆ ಈ ತತ್ತ್ವವನ್ನು ಹೊಂದಿಸುವಲ್ಲಿ ಒಂದು ತೊಡಕುಂಟು. ಒಂದರ ಹಿಂದೊಂದಾಗಿ ಕೊಂಡಿ ಹಾಕಿ ಕಟ್ಟಿದ ಬಂಡಿಗಳು ಹಿಂದಕ್ಕೆ ಬಾಗಲಾರವು. ಪಕ್ಕಕ್ಕೆ ಬಾಗಬೇಕು, ಇಲ್ಲವೆ ತಳವನ್ನು ತೆರೆಯಬೇಕು. ಪಕ್ಕಕ್ಕೆ ಬಾಗುವ ಬಂಡಿಯ ಅತ್ಯಂತ ಸರಳ ರೂಪವೆಂದರೆ ಗಣಿಗಳಲ್ಲಿಯೂ ದೊಡ್ಡ ಕಟ್ಟಡಗಳ ಕೆಲಸದಲ್ಲಿಯೂ ಪ್ರಪಂಚದ ನಾನಾ ಕಡೆ ಬಳಕೆಗೆ ಬಂದ ಸಣ್ಣ ಮಗುಚು ತೊಟ್ಟಿ. ಫ್ರಾನ್ಸಿನ ಡೆಕೋವಿಲ್ ಎಂಬವನು 1870ರ ದಶಕದಲ್ಲಿ ಪ್ರಚಾರಕ್ಕೆ ತಂದ ಕಿರುಗಂಬಿಯ ದಾರಿಗಳ ಮೇಲೆ ಇಂತಹ ತೊಟ್ಟಿಗಳು ಓಡಿದುವು. ಇದರ ಅಡ್ಡಕೊಯ್ತವು ಕೆಳಗೆ ಚೂಪಾಗಿ ಮೇಲೆ ಅಗಲವಾಗಿರುವುದು. ತುಂಬಿದಾಗ ಇದರ ಗುರುತ್ವಕೇಂದ್ರವು ಆಧಾರಕ್ಕಿಂತ ಮೇಲಿರುವುದರಿಂದ ತೊಟ್ಟಿಯು ಉರುಳುವುದಕ್ಕೆ ಸದಾ ಸಿದ್ಧವಾಗಿದ್ದು, ಒಂದು ಅಗಳಿಯು ಮಾತ್ರ ಅದನ್ನು ತಡೆದಿರುವುದು. ಅಗಳಿಯನ್ನು ಬಿಡಿಸಿ ಒಬ್ಬನು ಭುಜ ಕೊಟ್ಟು ನೂಕಿದರೆ ಸಾಕು, ತೊಟ್ಟಿ ಮಗುಚಿಕೊಳ್ಳುತ್ತದೆ. ಬರಿದಾದೊಡನೆ ಗುರುತ್ವಕೇಂದ್ರವು ಕೆಳಗಿಳಿಯುವುದರಿಂದ ಅದು ಹೆಚ್ಚು ಶ್ರಮವಿಲ್ಲದೆ ಮರಳಿ ನೆಟ್ಟಗಾಗುತ್ತದೆ. ತುಂಬಿದಾಗ ಅಸ್ಥಿರ, ಬರಿದಾದಾಗ ಸ್ಥಿರ. ಈ ಎರಡು ಗುಣಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿದುದೇ ಇದರ ಜಾಣ್ಮೆ.

ಬಂಡಿಯು ದೊಡ್ಡದಾದಂತೆ ಭುಜಬಲವು ಸಾಲದಾಯಿತು. ಆಗ ಎಂಜಿನಿಯರುಗಳು ಒತ್ತುಗಾಳಿಯನ್ನು ಆಶ್ರಯಿಸಿದರು. ಎಂಜಿನಿನಲ್ಲಿ ಬ್ರೇಕುಗಳಿಗಾಗಿ ಗಾಳಿಯನ್ನು ಒತ್ತಿ ತುಂಬುವ ಯಂತ್ರವು ಹೇಗೂ ಇರುವುದಷ್ಟೆ. ಅದೇ ಗಾಳಿಯನ್ನು ಬೇರೊಂದು ಕೊಳವೆಯ ಮೂಲಕ ಬಂಡಿಗಳಿಗೆ ಹರಿಸಿ, ಪ್ರತಿಯೊಂದು ಬಂಡಿಯ ಚೌಕಟ್ಟಿನ ಅಡಿಯಲ್ಲಿ ಎರಡು ಪಕ್ಕಗಳಿಗೂ ಸಿಲಿಂಡರುಗಳನ್ನು ಜೋಡಿಸಿದರು. ಒಂದು ಪಕ್ಕದ ಸಿಲಿಂಡರುಗಳಿಗೆ ಗಾಳಿ ಬಿಟ್ಟರೆ ಪಿಸ್ಟನ್ನುಗಳು ಮೇಲೆದ್ದು ಬಂಡಿಯ ಒಡಲನ್ನು ಆಚೆಯ ಪಕ್ಕಕ್ಕೆ ಓರೆಮಾಡುವುವು. ಒಡಲು ಬಾಗುತ್ತಿರುವಂತೆಯೇ ಸನ್ನೆಗೋಲುಗಳ ಸಂಬಂಧದಿಂದ ಆ ಪಕ್ಕದ ಬಾಗಿಲು ತಾನೇ ಕೆಳಗೆ ಬಿಚ್ಚಿಕೊಂಡು ಜಾರುಹಲಗೆಯಾಗಿ, ಸುರಿದ ಕಲ್ಲುಮಣ್ಣು ಕಂಬಿಯ ಮೇಲೆ ಬೀಳದೆ ದೂರಕ್ಕೆ ಹೋಗಿ ಬೀಳುತ್ತದೆ. ಮಣ್ಣು ತಾನಾಗಿ ನಿಲ್ಲುವ ಇಳಿಜಾರಿಗಿಂತ ಬಂಡಿಯ ತಳವು ಹೆಚ್ಚು ಕಡಿದಾಗಬೇಕಾದುದರಿಂದ, ಒಡಲನ್ನು ಸುಮಾರು 45 ಡಿಗ್ರಿಯಷ್ಟು ಬಾಗಿಸುವುದು ವಾಡಿಕೆ. ಗಾಳಿಯನ್ನು ಹೊರಕ್ಕೆ ಬಿಟ್ಟರೆ ಒಡಲು ತನ್ನ ತೂಕದಿಂದಲೇ ಹಿಂದಿರುಗಿ ಕುಳಿತುಕೊಳ್ಳುತ್ತದೆ. ರಷ್ಯದ ಬಯಲು ಗಣಿಗಳಲ್ಲಿ 105 ಟನ್ನು ಹೊರುವ ಇಂತಹ ಬಂಡಿಗಳುಂಟು.

ಈ ಯಂತ್ರಕ್ಕೆ ಒಬ್ಬ ಶತ್ರುವಿರುವನು, ಅವನೇ ಜಿಗುಟು. ಒಣಗಿದ ಕಲ್ಲು ಒಂದೇ ಸಲ ಜಾರುತ್ತದೆ. ಒದ್ದೆಯಾದ ಜೇಡಿಯು ತಳಕ್ಕೆ ಅಂಟಿಕೊಂಡು ಬಂಡಿಯೊಡನೆಯೇ ಮೇಲಕ್ಕೇಳುತ್ತದೆ. ಆಗ ಅಷ್ಟು ಭಾರವೂ ಒಂದು ಪಕ್ಕದ ಗಾಲಿಗಳ ಮೇಲೆ ಬಿದ್ದು, ಒಡಲಿನ ಜೊತೆಗೆ ಇಡೀ ಬಂಡಿಯೇ ಉರುಳುವ ಭಯವುಂಟು. ಸುರಿಯುವ ಸ್ಥಳದಲ್ಲಿ ಕಂಬಿಯನ್ನು ಹಾಸಿರುವುದು ಹಿಂದಿನ ದಿನ ಸುರಿದ ಹಸಿ ಮಣ್ಣಿನ ಮೇಲೆಯೇ ಆದುದರಿಂದ ಈ ಭಯವು ಇಮ್ಮಡಿಯಾಗುವುದು. ಸುರಿಯುವ ಪಕ್ಕದಲ್ಲಿ ಯಾರೂ ನಿಲ್ಲಕೂಡದೆಂಬ ಕಟ್ಟಳೆಯು ಈ ಕಾರಣದಿಂದ ಹುಟ್ಟಿದುದು.

ಸುರಿಯುವ ಕೆಲಸದ ಮಹತ್ತ್ವವನ್ನು ಲೋಕಕ್ಕೆ ತೋರಿಸಿಕೊಟ್ಟ ದೊಡ್ಡ ಶಾಲೆಯೆಂದರೆ ಪನಾಮಾ ಕಾಲುವೆ. 1881ರಲ್ಲಿ ಫ್ರೆಂಚರ ಕಂಪನಿಯು ಆ ಕೆಲಸವನ್ನಾರಂಭಿಸಿ 1889ರಲ್ಲಿ ದಿವಾಳಿಯಾಯಿತು. ಜ್ವರಗಳೂ ಹಣಕಾಸಿನ ಅವ್ಯವಸ್ಥೆಯೂ ಅದಕ್ಕೆ ಕಾರಣಗಳೆಂಬುದು ಪ್ರಸಿದ್ಧವಾಗಿದೆ. ಅಗೆದ ಮಣ್ಣನ್ನು ಎಲ್ಲಿ, ಹೇಗೆ ಸುರಿಯಬೇಕೆಂಬುದಕ್ಕೆ ತಕ್ಕ ಏರ್ಪಾಡಿಲ್ಲದೆ ಹೋದುದೂ ಒಂದು ಕಾರಣವೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಹತ್ತಿರದಲ್ಲಿಯೇ ಸುರಿದ ರಾಶಿಗಳು ಮಳೆಗಾಲದಲ್ಲಿ ಜಾರಿ ಕಂಬಿಗಳನ್ನೇ ಮುಚ್ಚುತ್ತಿದ್ದುವು. 1904ರಲ್ಲಿ ಅಮೆರಿಕದವರು ಕೆಲಸವನ್ನು ಕೈಗೊಂಡರು. 1905ರಿಂದ 1907ರ ವರೆಗೆ ಮುಖ್ಯ ಎಂಜಿನಿಯರಾಗಿದ್ದ ಜಾನ್ ಸ್ಟೀವನ್ಸನು ರೈಲಿನ ಕೆಲಸದಲ್ಲಿ ನುರಿತವನು. ಇದು ಅಗೆತದ ಪ್ರಶ್ನೆಗಿಂತ ಹೆಚ್ಚಾಗಿ ಸಾಗಾಣಿಕೆಯ ಪ್ರಶ್ನೆಯೆಂದು ಅವನು ಕಂಡುಕೊಂಡನು. ಉಗಿಸನಿಕೆಯು ಒಂದು ಕ್ಷಣವೂ ಬರಿಯ ಬಂಡಿಗಾಗಿ ಕಾಯಕೂಡದು; ಹಾಗಾಗಬೇಕಾದರೆ ತುಂಬಿದ ಬಂಡಿಯು ಎಲ್ಲಿಯೂ ಕಾಯಕೂಡದು.

ಮಗುಚುವ ಬಂಡಿಗಳೂ ಅಲ್ಲಿ ಬಹಳವಿದ್ದುವು. ಆದರೆ ದೊಡ್ಡ ಬಂಡೆಗಳಿಗೂ ಜಿಗುಟು ಮಣ್ಣಿಗೂ ಅಲ್ಲಿ ಹೆಸರು ಪಡೆದುದು ಮಗುಚದೆ ಬರಿದು ಮಾಡುವ ಒಂದು ಉಪಾಯ. ಲಿಡ್ಜರ್‌ವುಡ್ ಬಂಡಿಗಳೆಂಬ ಇವುಗಳಿಗೆ ಒಂದು ಪಕ್ಕದಲ್ಲಿ ಮಾತ್ರ ಗೋಡೆ. ಮತ್ತೊಂದು ಪಕ್ಕ ಬಯಲು. ಬಂಡಿ ಬಂಡಿಗಳ ನಡುವಣ ಸಂದನ್ನು ಉಕ್ಕಿನ ಹಲಗೆಗಳಿಂದ ಮುಚ್ಚಿದುದರಿಂದ ಇಪ್ಪತ್ತು ಬಂಡಿಗಳ ಸಾಲು ಒಂದೇ ಉದ್ದನೆಯ ಅಂಗಳವಾಗುತ್ತಿದ್ದಿತು. ಕೊನೆಯ ಬಂಡಿಯ ಮೇಲೆ ಓರೆಯಾದ ಮುಖವುಳ್ಳ ಭಾರಿ ನೇಗಿಲು. ಅದಕ್ಕೆ ಕಟ್ಟಿದ ಉಕ್ಕಿನ ಹಗ್ಗವು ಸಾಲಿನುದ್ದಕ್ಕೂ ಹಾದು ಮುಂದುಗಡೆಯ ರಾಟೆಯನ್ನು ಸೇರುತ್ತಿದ್ದಿತು. ಎಂಜಿನಿನ ಉಗಿಯಿಂದ ರಾಟೆಯು ತಿರುಗಲು, ನೇಗಿಲು ಹಿಂದಿನಿಂದ ಮುಂದಕ್ಕೆ ಸಾಗುತ್ತ ಸರಕನ್ನೆಲ್ಲ ಬಯಲು ಪಕ್ಕಕ್ಕೆ ಗುಡಿಸಿ ಹಾಕುತ್ತಿದ್ದಿತು. ಇಪ್ಪತ್ತು ಬಂಡಿಗಳು ಬರಿದಾಗುವುದಕ್ಕೆ ಸುಮಾರು 10 ನಿಮಿಷ. ಎಂಟು ಗಂಟೆಗಳ ಒಂದು ದಿನದಲ್ಲಿ ಇಂತಹ ಒಂದೇ ಯಂತ್ರವು 18 ರೈಲುಗಳನ್ನು, ಎಂದರೆ ಸುಮಾರು 7,560 ಘನಗಜಗಳಷ್ಟು ಸರಕನ್ನು, ಸುರಿದುದುಂಟು. ಇಂತಹ 20 ಯಂತ್ರಗಳನ್ನು ನಡೆಸುವ 120 ಮಂದಿ ಕೈಯಿಂದ ಸುರಿಯುವ 5,666 ಮಂದಿಯ ಕೆಲಸವನ್ನು ಮಾಡುತ್ತಿದ್ದರೆಂದು ಆಗ ಲೆಕ್ಕ ಹಾಕಿದ್ದರು.

ಸುರಿದ ಮೇಲೆ ರಾಶಿಯು ಅಗಲವಾಗುವುದು. ಕಂಬಿಯು ಅಂಚಿನಿಂದ ದೂರವಾಗುವುದು. ಆಗ ಕಂಬಿಯನ್ನೂ ಹೊಸ ಅಂಚಿಗೆ ಸರಿಸಬೇಕಷ್ಟೆ. ಇದಕ್ಕಾಗಿ ವಿಲಿಯಂ ಬಿಯರ್ಡ್ ಎಂಬವನು ಕಂಬಿಯನ್ನು ದಿಮ್ಮಿಗಳ ಸಮೇತ ಎತ್ತಿ ಪಕ್ಕಕ್ಕಿಡುವ ಯಂತ್ರವನ್ನು ನಿರ್ಮಿಸಿದನು. ಅದು ಒಂದು ಸಲಕ್ಕೆ 9 ಅಡಿಗಳವರೆಗೂ ದಾರಿಯನ್ನು ಸರಿಸುತ್ತಿದ್ದಿತು; ಹನ್ನೆರಡು ಮಂದಿಯೂ ಬೇಡದ ಆ ಯಂತ್ರವು 600 ಮಂದಿಯ ಕೆಲಸವನ್ನು ಮಾಡುತ್ತಿದ್ದಿತು. ಹೀಗೆ ಕುಲೇಬ್ರಾ ಬೆಟ್ಟದ ಕಲ್ಲುಮಣ್ಣು ಗಾಟೂನಿನ ಅಣೆಕಟ್ಟಿಗೂ, ನಾವೋಸ್ ದ್ವೀಪದವರೆಗಿನ ಅಲೆತಡೆಗೂ ಸಾಮಗ್ರಿಯಾಯಿತು. 1914ನೆಯ ಆಗಸ್ಟ್ 15ರಂದು ಕಾಲುವೆಯು ತೆರೆಯಿತು. ಬೆಟ್ಟವನ್ನಗೆದವರು ಅಲ್ಲಿ ಇಲಿಯನ್ನು ಹಿಡಿಯಲಿಲ್ಲ. ಎರಡು ಸಮುದ್ರಗಳನ್ನು ಕೂಡಿಸಿದರು.

ಆದರೆ ಈ ಯಶಸ್ಸಿನ ಕಥೆಯಲ್ಲಿ ಇನ್ನೊಂದು ಪುಟವುಂಟು. ಅದನ್ನು ಓದದೆ ಮಗುಚಿಬಿಡುವುದು ನ್ಯಾಯವಲ್ಲ. ಅಲ್ಲಿಯ ಕೂಲಿಕಾರರಲ್ಲಿ ಬಹುಮಂದಿ ಬಾರ್ಬಡೋಸ್ ಮೊದಲಾದ ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದ ಕರಿಯ ಜನರು. ಸಂಬಳಕ್ಕೆ ಅಲ್ಲಿ ಎರಡು ಪಟ್ಟಿಗಳಿದ್ದುವು: ಚಿನ್ನದ ಪಟ್ಟಿ, ಬೆಳ್ಳಿಯ ಪಟ್ಟಿ. ಬಿಳಿಯ ಅಮೆರಿಕದವರಿಗೆ ಮೊದಲನೆಯದು. ಈ ಜನರಿಗೆ ಎರಡನೆಯದು. ವಸತಿ, ಊಟ, ಅಂಗಡಿ, ಶಾಲೆಗಳಲ್ಲಿಯೂ ಈ ಭೇದವೇ ನಡೆಯುತ್ತಿದ್ದಿತು. ಅಮೆರಿಕದವರ ಕಾಲದಲ್ಲಿ ರೋಗದಿಂದಲೂ ಅಪಘಾತದಿಂದಲೂ ಸತ್ತವರೆಂದು ದಾಖಲೆಯಾದವರು 5,609 ಮಂದಿ. ಅವರಲ್ಲಿ ಹೆಚ್ಚಿನವರು ಈ ಬೆಳ್ಳಿಯ ಪಟ್ಟಿಯವರೇ. ಯಂತ್ರವು ಬೆನ್ನಿನ ಭಾರವನ್ನು ಇಳಿಸಬಲ್ಲುದು. ಆಳುವವರ ಮನಸ್ಸಿನ ತಾರತಮ್ಯವನ್ನು ಇಳಿಸಲಾರದು. ಆ ಕೆಲಸವನ್ನು ಮನುಷ್ಯರೇ ಮಾಡಿಕೊಳ್ಳಬೇಕು.

ಪನಾಮದಿಂದ ಈಚೆಗೆ ಈ ವಿದ್ಯೆಯು ಎರಡು ದಾರಿಗಳಲ್ಲಿ ಬಹಳ ಮುಂದುವರಿದಿದೆ. ಮೊದಲನೆಯದು, ಬಂಡಿಯೊಳಗಿನ ಯಂತ್ರವನ್ನೆಲ್ಲ ತೆಗೆದುಹಾಕಿ, ಸಾಮಾನ್ಯವಾದ ವ್ಯಾಗನ್ನನ್ನೇ ಹಿಡಿದು ಬೋರಲು ಹಾಕುವ ದಾರಿ. ಇದಕ್ಕೆ ವ್ಯಾಗನ್ ಟಿಪ್ಲರ್ ಎಂದು ಹೆಸರು. ವ್ಯಾಗನ್ನನ್ನು ಒಂದು ದೊಡ್ಡ ಉಕ್ಕಿನ ತೊಟ್ಟಿಲಿನೊಳಕ್ಕೆ ನೂಕಿ, ಮೇಲಿನಿಂದಲೂ ಪಕ್ಕದಿಂದಲೂ ಬಿಗಿಯಾಗಿ ಹಿಡಿದು, ಕಂಬಿಯ ತುಂಡಿನ ಸಮೇತ ಹೊರಳಿಸುವರು. ಸರಕು ಕೆಳಗಿನ ಜಾಲರಿಯನ್ನು ದಾಟಿ ಹಳ್ಳಕ್ಕೆ ಬೀಳುವುದು. ಅನೇಕ ಟಿಪ್ಲರುಗಳಲ್ಲಿ ತೂಕದ ಏರ್ಪಾಡೂ ಕೂಡಿರುತ್ತದೆ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂಬ ನಮ್ಮ ಹಿರಿಯರ ಮಾತಿಗೆ ಇಲ್ಲಿ ಉಕ್ಕಿನ ರೂಪ ಬಂದಿದೆಯೆನ್ನಬಹುದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ವ್ಯಾಗನ್ನುಗಳ ಕೊಂಡಿಯನ್ನು ಕಳಚಿ ಒಂದೊಂದಾಗಿ ಹೊರಳಿಸುತ್ತಾರೆ. ಚೀಣಾದ ದಾಟೊಂಗ್–ಚಿನ್‌ಹುವಾಂಗ್‌ಡಾವ್ ದಾರಿಯಲ್ಲಿಯೂ ಆಸ್ಟ್ರೇಲಿಯಾದ ಪಿಲ್ಬರಾ ಅದಿರಿನ ದಾರಿಗಳಲ್ಲಿಯೂ ಕೊಂಡಿಯೇ ತನ್ನ ಅಚ್ಚಿನ ಮೇಲೆ ತಿರುಗುವಂತೆ ಮಾಡಿರುವುದರಿಂದ, ರೈಲನ್ನು ಬಿಡಿಸದೆಯೇ ಬಂಡಿಗಳನ್ನು ಹೊರಳಿಸಬಹುದಾಗಿದೆ.

ಎರಡನೆಯದು, ತಳ ತೆರೆಯುವ ದಾರಿ. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಗಣಿಗೂ ವಿದ್ಯುದಾಗಾರಕ್ಕೂ ನಡುವೆ ಅದೇ ರೈಲು ನಿಲ್ಲದೆ ಸುತ್ತುತ್ತಿರುವ ಪದ್ಧತಿಯು ಆರಂಭವಾಯಿತು. ರೈಲು ಹಳ್ಳದ ಮೇಲೆ ಮೆಲ್ಲನೆ ಹರಿಯುತ್ತಿರುವಾಗಲೇ, ಕಂಬಿಯ ಪಕ್ಕದಲ್ಲಿಟ್ಟ ಸಾಧನಗಳು ತಾಕಿ ತಳದ ಬಾಗಿಲುಗಳು ತೆರೆದು, ಸುರಿದ ಮೇಲೆ ಮುಚ್ಚಿಕೊಳ್ಳುವುವು. ನಮ್ಮ ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮವೂ ಗಣಿಗಳಿಗೆ ಹತ್ತಿರದ ತನ್ನ ದೊಡ್ಡ ಕೇಂದ್ರಗಳಲ್ಲಿ ಇದೇ ಪದ್ಧತಿಯನ್ನು ಅನುಸರಿಸಿದೆ; ಅಲ್ಲಿಯ ಬಂಡಿಗಳ ಬಾಗಿಲು ಒತ್ತುಗಾಳಿಯಿಂದ ತೆರೆಯುವುದು. ಆದರೆ ಇಂತಹ ಬಂಡಿಯು ಕಲ್ಲಿದ್ದಲಿಗಲ್ಲದೆ ಬೇರೆ ಸರಕಿಗೆ ಅಷ್ಟಾಗಿ ಒದಗದು. ಆದ್ದರಿಂದ ದೂರದ ದಾರಿಗೆ ಎಲ್ಲಕ್ಕೂ ಆಗುವ ತೆರೆದ ವ್ಯಾಗನ್ನೂ ಟಿಪ್ಲರೂ, ಹತ್ತಿರದ ಸುತ್ತುದಾರಿಗೆ ತಳ ತೆರೆಯುವ ಬಂಡಿಯೂ ಯೋಗ್ಯವೆನ್ನಬಹುದು.

ಇದು ಕನ್ನಡಿಗರಿಗೆ ಹೊರಗಿನ ವಿಚಾರವಲ್ಲ. 1902ರಲ್ಲಿಯೇ ಶಿವನಸಮುದ್ರದ ನೀರಿನಿಂದ ವಿದ್ಯುತ್ತನ್ನು ಪಡೆದ ನಾಡು ನಮ್ಮದು. ಆದರೆ ನಮ್ಮ ನೆಲದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. 1985ರಲ್ಲಿ ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ಮೊದಲನೆಯ ಘಟಕವು ಉರಿಯತೊಡಗಿದಂದಿನಿಂದ, ನಮ್ಮ ಮನೆಯ ದೀಪದ ಒಂದು ಪಾಲು ಹೊರನಾಡಿನಿಂದ ಬರುವ ವ್ಯಾಗನ್ನುಗಳನ್ನು ನಂಬಿಕೊಂಡಿದೆ. 2022ನೆಯ ಏಪ್ರಿಲ್–ಮೇ ತಿಂಗಳುಗಳಲ್ಲಿ ದೇಶದಲ್ಲಿ ಕಲ್ಲಿದ್ದಲಿನ ಅಭಾವವುಂಟಾದಾಗ, ಕಲ್ಲಿದ್ದಲಿನ ರೈಲುಗಳಿಗೆ ದಾರಿ ಬಿಡುವುದಕ್ಕಾಗಿ ನೂರಾರು ಪ್ರಯಾಣಿಕರ ರೈಲುಸಂಚಾರಗಳನ್ನು ರದ್ದುಮಾಡಬೇಕಾಯಿತು. ಊರಿಗೆ ಹೋಗಬೇಕಾದ ಬಡವನು ನಿಲ್ದಾಣದಲ್ಲಿ ಉಳಿದನು. ಅಂತಹ ಕಾಲದಲ್ಲಿ ಒಂದು ರೈಲು ಹಳ್ಳದ ಮುಂದೆ ಒಂದು ಗಂಟೆ ಹೆಚ್ಚಾಗಿ ನಿಂತರೆ ಆ ಗಂಟೆಯನ್ನು ಕೊಟ್ಟವರು ಯಾರೆಂಬುದನ್ನು ಲೆಕ್ಕದ ಪುಸ್ತಕವು ಹೇಳುವುದಿಲ್ಲ. ನಮ್ಮಲ್ಲಿ ಒಂದು ರೈಲಿಗೆ ಸಾಮಾನ್ಯವಾಗಿ 58 ವ್ಯಾಗನ್ನುಗಳು. ಗಂಟೆಗೆ 20ನ್ನು ಹೊರಳಿಸುವ ಒಂದು ಟಿಪ್ಲರು ಅದನ್ನು ಸುಮಾರು ಮೂರು ಗಂಟೆಗಳಲ್ಲಿ ಬರಿದು ಮಾಡಬಲ್ಲುದು. ಮಳೆಗಾಲದಲ್ಲಿ ಕಲ್ಲಿದ್ದಲು ಕೆಸರಾಗಿ ಜಾಲರಿಗೆ ಅಂಟಿಕೊಂಡರೆ ಈ ಲೆಕ್ಕವೆಲ್ಲ ಕೆಡುವುದು. ಪನಾಮದ ಜಿಗುಟು ನಮ್ಮಲ್ಲಿಯೂ ಉಂಟು.

ಆ ಜಿಗುಟನ್ನು ಬಿಡಿಸುವವರು ಯಾರು? ಸಲಾಕೆ ಹಿಡಿದ ಕೂಲಿಯವರು. ಗೂಡ್ಸ್ ಷೆಡ್ಡುಗಳಲ್ಲಿ ಸಿಮೆಂಟಿನ ಮೂಟೆಯನ್ನೂ ಗೊಬ್ಬರದ ಚೀಲವನ್ನೂ ಇಂದಿಗೂ ಬೆನ್ನಿನ ಮೇಲೆ ಇಳಿಸುತ್ತಿರುವವರು ಹಮಾಲರು. ಯಂತ್ರ ಬಂದರೆ ಇವರ ಅನ್ನ ಹೋಗುವುದೆಂದು ಒಂದು ಪಕ್ಷ. ಯಂತ್ರ ಬಾರದಿದ್ದರೆ ಇವರ ಎದೆಗೂಡು ಧೂಳಿನಿಂದ ಹೋಗುವುದೆಂದು ಇನ್ನೊಂದು ಪಕ್ಷ. ಎರಡೂ ಸತ್ಯವೇ. ಬೆನ್ನು ಮುರಿಯುವ ಕೆಲಸವನ್ನು ಉಳಿಸಿಕೊಳ್ಳುವುದು ಬಡವನಿಗೆ ಉಪಕಾರವಲ್ಲ. ಅವನನ್ನು ಬರಿಗೈಯಲ್ಲಿ ಕಳುಹಿಸುವುದು ಪ್ರಗತಿಯೂ ಅಲ್ಲ. ಹಮಾಲನ ಮಗನು ಟಿಪ್ಲರಿನ ಕೀಲಿಯನ್ನು ಹಿಡಿಯುವಂತೆ ಕಲಿಸುವುದು ಯಂತ್ರದ ಬೆಲೆಯಲ್ಲಿಯೇ ಸೇರಿದ ಖರ್ಚೆಂದು ತಿಳಿಯಬೇಕು. ಒಳಗೆ ಮನುಷ್ಯನಿರುವಾಗ ಯಂತ್ರವು ಚಲಿಸಲಾರದಂತೆ ಬೀಗವಿರಬೇಕು; ಆ ಬೀಗದ ಕೈಯು ಒಳಗಿಳಿದವನ ಸೊಂಟದಲ್ಲಿಯೇ ಇರಬೇಕು. ಧೂಳನ್ನು ಅಡಗಿಸುವ ನೀರಿನ ತುಂತುರು ಪರೀಕ್ಷಕರು ಬರುವ ದಿನದಂದು ಮಾತ್ರವಲ್ಲ, ಪ್ರತಿದಿನವೂ ಹರಿಯಬೇಕು.

ಹೊಸ ಗಣಿಗಳಿಗೂ ಹೊಸ ದಾರಿಗಳಿಗೂ ನಾವು ಹಣವನ್ನು ಸಂತೋಷದಿಂದ ಮಂಜೂರು ಮಾಡುತ್ತೇವೆ. ಅವುಗಳ ಆರಂಭೋತ್ಸವಗಳಲ್ಲಿ ಹಾರಗಳಿಗೆ ಕೊರತೆಯಿಲ್ಲ. ಸರಕು ಬಂದಿಳಿಯುವ ತುದಿಯಲ್ಲಿ ಹಳ್ಳ, ಜಾಲರಿ, ಟಿಪ್ಲರುಗಳನ್ನು ಸುಸ್ಥಿತಿಯಲ್ಲಿಡುವ ಖರ್ಚಿಗೆ ಅಂತಹ ಉತ್ಸಾಹವು ಕಾಣುವುದಿಲ್ಲ. ವ್ಯಾಗನ್ನು ಸಾರ್ವಜನಿಕರ ಸ್ವತ್ತು. ಅದು ಬೇಗನೆ ಬರಿದಾಗಿ ಹೊರಟರೆ ಹೊಸದೊಂದನ್ನು ಕೊಳ್ಳದೆಯೇ ಕೊಂಡ ಹಾಗಾಗುವುದು. ಅಧಿಕಾರಿಗಳು ಮುಂದಿನ ಯೋಜನೆಯನ್ನು ಬರೆಯುವಾಗ ತುಂಬುವ ತುದಿಗೆ ಎಷ್ಟು ಹಣವೋ ಸುರಿಯುವ ತುದಿಗೆ ಎಷ್ಟು ಎಂಬುದನ್ನು ಅದೇ ಪುಟದಲ್ಲಿ ಬರೆಯಲಿ. ಅದರ ಕೆಳಗಿನ ಸಾಲಿನಲ್ಲಿ ಆ ತುದಿಯಲ್ಲಿ ದುಡಿಯುವವರ ರಕ್ಷಣೆಗೆ ಎಷ್ಟು ಎಂಬುದನ್ನೂ ಬರೆಯಲಿ. ಆ ಮೂರು ಅಂಕೆಗಳನ್ನು ಒಟ್ಟಿಗೆ ಕೇಳುವ ಹಕ್ಕು ತೆರಿಗೆ ಕೊಡುವ ಪ್ರತಿಯೊಬ್ಬನಿಗೂ ಇದೆ.