ಜಪಾನಿನ ಕಾಲ್ಚೆಂಡು ತಂಡಗಳ ನಾಮಕರಣ

1993ನೆಯ ಇಸವಿ ಮೇ 15ರಂದು ಟೋಕಿಯೋ ನಗರದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ವೆರ್ಡಿ ಕವಾಸಾಕಿ ಮತ್ತು ಯೊಕೊಹಾಮಾ ಮಾರಿನೋಸ್ ಎಂಬ ಎರಡು ತಂಡಗಳು ಇದಿರುಬದಿರಾಗಿ ನಿಂತು, ಜಪಾನಿನ ವೃತ್ತಿಪರ ಫುಟ್‌ಬಾಲಿಗೆ ನಾಂದಿಯನ್ನು ಹಾಡಿದುವು. ಮಾರಿನೋಸ್ 2–1ರಿಂದ ಗೆದ್ದಿತು. ಆಟಗಾರರಲ್ಲಿ ಬಹುಮಂದಿ ನೋಟಕರಿಗೆ ಹಳೆಯ ಪರಿಚಿತರೇ ಆಗಿದ್ದರು; ಹೊಸತಾಗಿದ್ದುವು ಹೆಸರುಗಳು. ಸ್ವಲ್ಪ ಕಾಲದ ಹಿಂದಿನವರೆಗೂ ಇವೇ ಎರಡು ತಂಡಗಳನ್ನು ಜನರು ಯೊಮಿಯುರಿ ಎಂದೂ ನಿಸ್ಸಾನ್ ಎಂದೂ, ಅಂದರೆ ಒಂದು ಪತ್ರಿಕಾ ಸಂಸ್ಥೆಯ ಮತ್ತು ಒಂದು ಮೋಟಾರು ಕಾರ್ಖಾನೆಯ ಹೆಸರಿನಿಂದ, ಕರೆಯುತ್ತಿದ್ದರು.

ಅಲ್ಲಿಯ ಕಾಲ್ಚೆಂಡು ಬೆಳೆದುಬಂದದ್ದೇ ಕಾರ್ಖಾನೆಗಳ ಆಶ್ರಯದಲ್ಲಿ. 1965ರಲ್ಲಿ ಮೊದಲಾದ ಜಪಾನ್ ಸಾಕರ್ ಲೀಗಿನ ಎಂಟು ತಂಡಗಳೂ ಉದ್ಯಮಗಳಿಗೆ ಸೇರಿದುವು: ಫುರುಕಾವಾ ಎಲೆಕ್ಟ್ರಿಕ್, ಹಿಟಾಚಿ, ಮಿತ್ಸುಬಿಷಿ, ಯಾನ್ಮಾರ್, ಯವಾತಾ ಉಕ್ಕಿನ ಕಾರ್ಖಾನೆ ಮೊದಲಾದವು. ಆಡುವವರು ಕಂಪನಿಯ ನೌಕರರು, ಚಪ್ಪಾಳೆ ತಟ್ಟುವವರು ಬಹುಮಟ್ಟಿಗೆ ಅವರ ಸಹೋದ್ಯೋಗಿಗಳು. ಹೊಸ ವೃತ್ತಿಪರ ಲೀಗಾದ ಜೆ.ಲೀಗಿನ ಪ್ರಥಮಾಧ್ಯಕ್ಷ ಕವಾಬುಚಿ ಸಬುರೋ ಅವರು ಸ್ವತಃ ಫುರುಕಾವಾ ತಂಡದಲ್ಲಿ ಆಡಿ ಬಂದವರಾದುದರಿಂದ ಈ ವ್ಯವಸ್ಥೆಯ ಗುಣದೋಷಗಳನ್ನು ಒಳಗಿನಿಂದಲೇ ಬಲ್ಲವರಾಗಿದ್ದರು. ತಂಡವು ಒಂದು ಊರಿಗೆ ಸೇರಿದ್ದಾಗಿರತಕ್ಕದ್ದು, ಅದರ ನಾಮಧೇಯದಲ್ಲಿ ಊರಿನ ಹೆಸರು ಇರತಕ್ಕದ್ದು, ಒಡೆತನದ ಕಂಪನಿಯ ಹೆಸರು ಇರಕೂಡದು ಎಂಬ ನಿಯಮವನ್ನು ಅವರು ಪಟ್ಟುಹಿಡಿದು ನೆಲೆಗೊಳಿಸಿದರು. ಯೊಮಿಯುರಿ ಸಮೂಹದ ಮುಖ್ಯಸ್ಥ ವತಾನಾಬೆ ತ್ಸುನೆಯೋ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಬೇಸ್‌ಬಾಲಿನಲ್ಲಿ ಯೊಮಿಯುರಿ ಜೈಂಟ್ಸ್, ಹಾನ್ಶಿನ್ ಟೈಗರ್ಸ್ ಎಂದು ಕಂಪನಿಯ ಹೆಸರನ್ನೇ ಮುಂದಿಟ್ಟುಕೊಂಡು ದಶಕಗಟ್ಟಲೆ ನಡೆದುಬಂದಿರುವ ದೇಶದಲ್ಲಿ, ಹಣ ಹೂಡಿದವನು ಹೆಸರನ್ನು ಬಿಟ್ಟುಕೊಡಬೇಕೆಂಬುದು ಸಣ್ಣ ಬೇಡಿಕೆಯಾಗಿರಲಿಲ್ಲ. ಕವಾಬುಚಿ ಬಗ್ಗಲಿಲ್ಲ. ಆ ಹಟವೊಂದಿಲ್ಲದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಕಂಪನಿಯ ಹೆಸರನ್ನು ಕಳಚಿದ ಮೇಲೆ ಆ ಸ್ಥಾನದಲ್ಲಿ ಏನನ್ನು ಇಡಬೇಕೆಂಬ ಪ್ರಶ್ನೆಗೆ ಹತ್ತು ಮೂಲ ತಂಡಗಳೂ ಅವುಗಳ ಹಿಂದೆ ಬಂದ ಹತ್ತಾರು ತಂಡಗಳೂ ಕೊಟ್ಟ ಉತ್ತರಗಳು, ಮೊದಲ ನೋಟಕ್ಕೆ, ವಿಚಿತ್ರವಾಗಿ ತೋರುತ್ತವೆ. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಜರ್ಮನ್, ಫ್ರೆಂಚ್, ಡಚ್, ಹೀಗೆ ಯೂರೋಪಿನ ಯಾವ ಭಾಷೆಯನ್ನೂ ಅವು ಬಿಡಲಿಲ್ಲ; ಎರಡು ಭಾಷೆಗಳ ತುಂಡುಗಳನ್ನು ಕೂಡಿಸಿ ಯಾವ ನಿಘಂಟಿನಲ್ಲಿಯೂ ಇಲ್ಲದ ಪದಗಳನ್ನು ಟಂಕಿಸಿದುವು. ಇದನ್ನು ಪರದೇಶದ ವ್ಯಾಮೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಹೊರಗಿನ ಈ ಉಡುಪನ್ನು ಸರಿಸಿ ನೋಡಿದವನಿಗೆ ಒಳಗೆ ಕಾಣುವುದು ಒಂದು ಊರಿನ ಕೋಟೆ, ಅದರ ಹಬ್ಬ, ಅದರ ದೇವರು, ಅದರ ಹಳೆಯ ಪಾಳೆಯಗಾರ, ಕೆಲವೆಡೆ ಅದರ ಊಟದ ಬಟ್ಟಲು.

ಹಿರೋಶಿಮಾದ ಸಾನ್‌ಫ್ರೆಚ್ಚೆಯನ್ನೇ ತೆಗೆದುಕೊಳ್ಳೋಣ. ಸಾನ್ ಎಂಬುದು ಜಪಾನೀ ಭಾಷೆಯ ಮೂರು. ಫ್ರೆಚ್ಚೆ ಎಂಬುದು ಇಟಲಿಯ ಬಾಣಗಳು. ಹದಿನಾರನೆಯ ಶತಮಾನದಲ್ಲಿ ಆ ಸೀಮೆಯನ್ನು ಆಳಿದ ಮೋರಿ ಮೊತೊನಾರಿ ಎಂಬ ಪ್ರಭುವು ತನ್ನ ಮೂವರು ಮಕ್ಕಳನ್ನು ಕರೆದು, ಒಂದೊಂದೇ ಬಾಣವನ್ನು ಮುರಿಯುವುದು ಎಷ್ಟು ಸುಲಭವೋ ಮೂರನ್ನೂ ಜೊತೆಗೂಡಿಸಿ ಮುರಿಯುವುದು ಅಷ್ಟೇ ಕಷ್ಟವೆಂಬುದನ್ನು ಅವರ ಕೈಯಿಂದಲೇ ಮಾಡಿಸಿ ತೋರಿಸಿ, ಒಗ್ಗಟ್ಟನ್ನು ಉಪದೇಶಿಸಿದನೆಂಬ ಕಥೆ ಜಪಾನಿನ ಮಕ್ಕಳಿಗೆಲ್ಲ ಗೊತ್ತು. ಇತಿಹಾಸದ ನಿಕಷಕ್ಕೆ ಒಡ್ಡಿದರೆ ಕಥೆ ನಿಲ್ಲುವುದಿಲ್ಲ. ಮರಣಶಯ್ಯೆಯಲ್ಲಿ ನಡೆದುದೆಂದು ಹೇಳುವುದುಂಟು. ಆದರೆ ಹಿರಿಯ ಮಗ ತಾಕಾಮೊತೊ ತಂದೆಗಿಂತ ಎಂಟು ವರ್ಷ ಮೊದಲೇ, 1563ರಲ್ಲಿ, ತೀರಿಹೋಗಿದ್ದನು. ಮೊತೊನಾರಿ 1557ರಲ್ಲಿ ಮಕ್ಕಳಿಗೆ ಬರೆದ ದೀರ್ಘವಾದ ಬುದ್ಧಿವಾದದ ಪತ್ರವೇನೋ ಉಳಿದಿದೆ; ಅದರಲ್ಲಿ ಐಕಮತ್ಯದ ಮಾತುಂಟು, ಬಾಣಗಳಿಲ್ಲ. ಪತ್ರವು ಸತ್ಯ, ಬಾಣವು ಕವಿಕಲ್ಪನೆ. ಜನಮನವು ನೆನಪಿಟ್ಟುಕೊಂಡದ್ದು ಬಾಣವನ್ನು. ಈ ಪ್ರಭುವಿನ ಮೊಮ್ಮಗ ತೆರುಮೊತೊ 1589ರಲ್ಲಿ ಕಟ್ಟಲು ತೊಡಗಿದ ಕೋಟೆಯ ಸುತ್ತಲೇ ಹಿರೋಶಿಮಾ ನಗರ ಬೆಳೆಯಿತಾದ ಕಾರಣ, ಮಾಜ್ದಾ ಮೋಟಾರು ಕಾರ್ಖಾನೆಯ ತಂಡವಾಗಿದ್ದುದು ಊರಿನ ತಂಡವಾದಾಗ ಈ ಹೆಸರಿಗಿಂತ ಉಚಿತವಾದುದು ದೊರೆಯುತ್ತಿರಲಿಲ್ಲ.

ಇದಕ್ಕೆ ಜೊತೆಯಾಗಿ ನಿಲ್ಲತಕ್ಕದ್ದು ಕೋಫು ಎಂಬ ಬೆಟ್ಟನಾಡಿನ ಊರಿನ ವಾಂಫೋರೆ. ಫ್ರೆಂಚ್ ಭಾಷೆಯ ಗಾಳಿ ಮತ್ತು ಅರಣ್ಯ ಎಂಬೆರಡು ಶಬ್ದಗಳನ್ನು ಬೆಸೆದು ಮಾಡಿದ ಹೆಸರು ಇದು. ಕೋಫುವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ತಾಕೆದಾ ಶಿಂಗೆನ್ ಎಂಬ ಮಹಾಸೇನಾನಿಯ ಧ್ವಜದ ಮೇಲೆ, ಚೀನದ ಸುನ್ ತ್ಸು ರಚಿಸಿದ ಯುದ್ಧಶಾಸ್ತ್ರದಿಂದ ತೆಗೆದ, ಸೈನ್ಯವನ್ನು ಗಾಳಿ, ಅರಣ್ಯ, ಬೆಂಕಿ, ಪರ್ವತಗಳಿಗೆ ಹೋಲಿಸುವ ಮಾತುಗಳು ಬರೆದಿದ್ದುವು. ತಂಡವು ಆ ನಾಲ್ಕರಲ್ಲಿ ಮೊದಲೆರಡನ್ನು ಆರಿಸಿಕೊಂಡಿತು. 2022ರ ಅಕ್ಟೋಬರಿನಲ್ಲಿ ಚಕ್ರವರ್ತಿ ಕಪ್ಪಿನ ಅಂತಿಮ ಪಂದ್ಯದಲ್ಲಿ ಎರಡನೆಯ ದರ್ಜೆಯ ಈ ಸಣ್ಣ ತಂಡವು ಮೊದಲ ದರ್ಜೆಯ ಹಿರೋಶಿಮಾವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತು. ಬದುಕಿದ್ದಾಗ ಒಬ್ಬರ ಮೇಲೊಬ್ಬರು ಎಂದೂ ದಂಡೆತ್ತಿ ಹೋಗದ ಶಿಂಗೆನ್ನನ ಗಾಳಿಯೂ ಮೊತೊನಾರಿಯ ಬಾಣಗಳೂ ನಾಲ್ಕೂವರೆ ಶತಮಾನಗಳ ತರುವಾಯ ಕಾಲ್ಚೆಂಡಿನ ಮೈದಾನದಲ್ಲಿ ಸಂಧಿಸಿದುವೆಂದರೆ, ಹೆಸರಿಟ್ಟವರ ದೂರದೃಷ್ಟಿಯನ್ನು ಮೆಚ್ಚದಿರುವುದು ಹೇಗೆ?

ಕನ್ನಡಿಗನಾದ ಓದುಗನಿಗೆ ಇವೆಲ್ಲಕ್ಕಿಂತ ಹತ್ತಿರವಾಗಿ ಕಾಣಬಹುದಾದ ಹೆಸರುಗಳು ಎರಡು. ಮೊದಲನೆಯದು ಸೆಂಡಾಯ್ ನಗರದ ವೆಗಾಲ್ಟಾ. ವೇಗಾ ಮತ್ತು ಆಲ್ಟೇರ್ ಎಂಬ ಎರಡು ತಾರೆಗಳ ಸಂಯೋಗ ಅದು. ಆಕಾಶಗಂಗೆಯ ಒಂದು ದಡದಲ್ಲಿ ನೇಯ್ಗೆಯ ಕನ್ಯೆಯೂ ಇನ್ನೊಂದು ದಡದಲ್ಲಿ ದನಗಾಹಿಯೂ ಅಗಲಿ ನಿಂತು, ವರ್ಷಕ್ಕೊಮ್ಮೆ ಏಳನೆಯ ತಿಂಗಳ ಏಳನೆಯ ರಾತ್ರಿ ಮಾತ್ರ ಕೂಡುವರೆಂಬ ಪುರಾತನ ಕಥೆಯನ್ನು ಜಪಾನೀಯರು ಚೀನದಿಂದ ಪಡೆದು ತನಬಾತಾ ಎಂಬ ಹಬ್ಬವನ್ನಾಗಿ ಆಚರಿಸುತ್ತಾರೆ. ಆಗಸ್ಟ್ 6ರಿಂದ 8ರವರೆಗೆ ಬಿದಿರುಗಳುಗಳಿಂದ ಬಣ್ಣಬಣ್ಣದ ಕಾಗದದ ತೋರಣಗಳನ್ನು ಇಳಿಬಿಟ್ಟು ಸೆಂಡಾಯ್ ನಡೆಸುವ ತನಬಾತಾ ದೇಶದಲ್ಲೆಲ್ಲ ಪ್ರಸಿದ್ಧವಾದುದು. ವೇಗಾ ನಮ್ಮ ಅಭಿಜಿತ್. ಆಲ್ಟೇರ್ ನಮ್ಮ ಶ್ರವಣ. ಪಂಚಾಂಗ ಬಲ್ಲ ನಮ್ಮ ಹಿರಿಯರೂ ಆ ಬೆಳಕಿನ ಹರವನ್ನು ಗಂಗೆಯೆಂದೇ ಕಂಡರು, ಜಪಾನೀಯರೂ ಸ್ವರ್ಗದ ನದಿಯೆಂದೇ ಕಂಡರು. ಮೊದಲಲ್ಲಿ ಬ್ರಮ್ಮೆಲ್ ಎಂಬ ನೀರಸ ಹೆಸರಿದ್ದ ಈ ತಂಡವು 1999ರಲ್ಲಿ ನಕ್ಷತ್ರಗಳ ಹೆಸರನ್ನು ಧರಿಸಿತು. 2011ರ ಮಾರ್ಚ್ 11ರ ಭೂಕಂಪವೂ ಕಡಲ ಪ್ರಳಯವೂ ಆ ಸೀಮೆಯನ್ನು ಧ್ವಂಸಮಾಡಿದ ವರ್ಷ ಅದು ಲೀಗಿನಲ್ಲಿ ನಾಲ್ಕನೆಯ ಸ್ಥಾನವನ್ನೂ ಮರುವರ್ಷ ಎರಡನೆಯ ಸ್ಥಾನವನ್ನೂ ಗಳಿಸಿ, ಶೋಕಗ್ರಸ್ತವಾದ ಊರಿಗೆ ತಲೆಯೆತ್ತಿ ನೋಡಲು ಕಾರಣವಿತ್ತಿತು.

ಎರಡನೆಯದು ಪುರಾತನ ರಾಜಧಾನಿ ಕ್ಯೋಟೋ ನಗರದ ಸಂಗಾ. ಇದು ಬೌದ್ಧರ ಸಂಘವೇ. ಬುದ್ಧ, ಧರ್ಮ, ಸಂಘ ಎಂಬ ಶರಣತ್ರಯದ ಮೂರನೆಯದು, ಚೀನ ಮತ್ತು ಕೊರಿಯಾಗಳ ಮಾರ್ಗವಾಗಿ ಆರನೆಯ ಶತಮಾನದಲ್ಲಿ ಜಪಾನನ್ನು ಮುಟ್ಟಿದ ಧರ್ಮದೊಡನೆ ಹೋಗಿ, ಮಹಾಪ್ರಾಣವನ್ನು ದಾರಿಯಲ್ಲಿ ಕಳೆದುಕೊಂಡು, ಕಡೆಗೆ ಅಂಗಿಯ ಎದೆಯ ಮೇಲೆ ಬಂದು ನಿಂತಿದೆ. ಬೆಟ್ಟಗಳೂ ನದಿಗಳೂ ಎಂಬರ್ಥದ ಜಪಾನೀ ಶಬ್ದವೂ ಅದೇ ಧ್ವನಿಯದಾದುದರಿಂದ, ಮೂರು ಕಡೆ ಗಿರಿಗಳಿಂದ ಸುತ್ತುವರಿದು ಕಾಮೋ ನದಿಯನ್ನು ಮಡಿಲಲ್ಲಿಟ್ಟುಕೊಂಡ ಆ ನಗರಕ್ಕೆ ಹೆಸರು ಇಮ್ಮಡಿಯಾಗಿ ಒಪ್ಪುತ್ತದೆ. ತಂಡದ ಮೂಲವಾದರೋ 1922ರ ಕ್ಯೋಟೋ ಶಿಕೋ ಕ್ಲಬ್. ಶಿಕೋ ಎಂದರೆ ನೇರಳೆಯ ಬೆಳಕು. ಆ ನೇರಳೆಯೇ ಬಹುಕಾಲ ಪರ್ಪಲ್ ಸಂಗಾ ಎಂದು ಹೆಸರಿನಲ್ಲಿದ್ದು, 2007ರಲ್ಲಿ ಕಳಚಿಹೋಗಿ, ಉಡುಪಿನಲ್ಲಿ ಮಾತ್ರ ಉಳಿಯಿತು. ಹೆಸರಿನಿಂದ ಅದನ್ನು ಬಿಡಬಾರದಿತ್ತೆಂದೇ ನನ್ನ ಅಭಿಪ್ರಾಯ.

ದೇವರ ವಿಷಯ ಬಂದುದರಿಂದ ಕಾಶಿಮಾವನ್ನು ನೆನೆಯಬೇಕು. ಸುಮಿತೊಮೋ ಲೋಹದ ಕಾರ್ಖಾನೆಯಿಂದ ಬದುಕುತ್ತಿದ್ದ ಆ ಚಿಕ್ಕ ಊರಿನ ಹೆಸರನ್ನು ಬರೆಯುವ ಅಕ್ಷರಗಳಿಗೆ ಜಿಂಕೆಯ ದ್ವೀಪವೆಂದು ಅರ್ಥ. ಅಲ್ಲಿಯ ಪ್ರಾಚೀನ ದೇಗುಲದ ಅಧಿದೇವತೆ ತಾಕೆಮಿಕಾಜುಚಿ ಬಿಳಿಯ ಜಿಂಕೆಯನ್ನೇರಿ ದೂರದ ನಾರಾ ನಗರಕ್ಕೆ ಬಿಜಯಂಗೈದನೆಂದೂ, ನಾರಾದಲ್ಲಿ ಇಂದಿಗೂ ನಿರ್ಭಯವಾಗಿ ಅಡ್ಡಾಡುವ ಪವಿತ್ರ ಜಿಂಕೆಗಳು ಅದರ ವಂಶದವೆಂದೂ ಪ್ರತೀತಿ. ಆದುದರಿಂದ ತಂಡಕ್ಕೆ ಜಿಂಕೆಯ ಕೊಂಬು, ಆಂಟ್ಲರ್ಸ್, ಎಂಬ ಹೆಸರು. ಜೀಕೋ ಎಂಬ ಬ್ರೆಜಿಲಿನ ಮಹಾ ಆಟಗಾರನು ಬಂದು ಆಡಿ ಕಲಿಸಿದ ಈ ತಂಡವು ಲೀಗಿನ ಪ್ರಶಸ್ತಿಗಳನ್ನು ಉಳಿದೆಲ್ಲ ತಂಡಗಳಿಗಿಂತ ಹೆಚ್ಚು ಬಾರಿ ಗೆದ್ದಿದೆ. ನಾಗೋಯಾದವರು ತಮ್ಮ ಕೋಟೆಯ ಶಿಖರದ ಮೇಲಿರುವ, ಬೆಂಕಿಯಿಂದ ಕಟ್ಟಡವನ್ನು ಕಾಯುವುದೆಂದು ನಂಬಿಕೆಯುಳ್ಳ, ಶಾಚಿ ಎಂಬ ಬಂಗಾರದ ಜಲಪ್ರಾಣಿಯನ್ನು ಗ್ರಾಂಪಸ್ ಎಂದು ಇಂಗ್ಲಿಷಿಗೆ ತಿರುಗಿಸಿಕೊಂಡರು. 1945ರ ವಿಮಾನದಾಳಿಯಲ್ಲಿ ಆ ಕೋಟೆ ಉರಿದುಹೋಗಿ 1959ರಲ್ಲಿ ಮತ್ತೆ ಎದ್ದಿತು, ಶಾಚಿಗಳೂ ಮತ್ತೆ ಶಿಖರವನ್ನೇರಿದುವು.

ಕೆಲವು ಊರುಗಳು ತಮ್ಮ ಆಡುಮಾತನ್ನೇ ಬಚ್ಚಿಟ್ಟವು. ಉತ್ತರದ ಹಿಮದ ನಾಡಾದ ಹೊಕ್ಕೈಡೋದಲ್ಲಿ ಹುಟ್ಟಿದವನನ್ನು ದೊಸಾಂಕೊ ಎನ್ನುತ್ತಾರೆ. ಆ ಪದವನ್ನು ಹಿಂದುಮುಂದಾಗಿ ಓದಿ, ಕೊನೆಗೆ ಓಲೆ ಎಂಬ ಉದ್ಘೋಷವನ್ನು ಸೇರಿಸಿದರೆ ಸಪ್ಪೊರೋ ನಗರದ ಕೊನ್ಸಾದೋಲೆ ದೊರೆಯುತ್ತದೆ. ಕವಾಸಾಕಿಯಲ್ಲಿ ತೋಷಿಬಾ ಕಂಪನಿಯದಾಗಿದ್ದ ತಂಡ 1996ರಲ್ಲಿ ಉತ್ತರಕ್ಕೆ ವಲಸೆಹೋದಾಗ ಈ ಹೆಸರಿಟ್ಟರು. ಪರವೂರಿನಿಂದ ಬಂದುದನ್ನು ಮನೆಯ ಮಗನೆಂದು ಕರೆದ ಈ ಔದಾರ್ಯ ನನಗೆ ಬಹಳ ಪ್ರಿಯವಾದುದು. ಓಸಾಕಾದ ಗಾಂಬಾ ಇಟಲಿಯ ಕಾಲು ಎಂಬ ಪದವಾಗಿಯೂ, ಶಕ್ತಿಮೀರಿ ಪ್ರಯತ್ನಿಸು ಎಂಬ ಜಪಾನೀ ಕ್ರಿಯಾಪದದ ಪ್ರತಿಧ್ವನಿಯಾಗಿಯೂ ಇದೆ. ಸನುಕಿ ಸೀಮೆಯವರು ತಮ್ಮ ಊದೊನ್ ಶಾವಿಗೆಯ ಒಂದು ಬಗೆಯನ್ನು, ಎಂದರೆ ಬಿಸಿಬಿಸಿಯಾಗಿಯೇ ಹಸಿಯ ಮೊಟ್ಟೆಯೊಡನೆ ಕಲಸಿ ತಿನ್ನುವ ಕಮಾತಮಾವನ್ನು, ಇಟಲಿಯ ಕಡಲಿನೊಡನೆ ಕೂಡಿಸಿ ಕಮಾತಮಾರೆ ಎಂದರು. ನಾರುತೋ ಜಲಸಂಧಿಯ ಸುಳಿಗಳನ್ನು ತೋಕುಶಿಮಾದ ವೋರ್ಟಿಸ್ ಹೇಳುತ್ತದೆ.

ನಾಗಾಸಾಕಿಯ ತಂಡಕ್ಕೆ ವಿ-ವಾರೆನ್ ಎಂಬ ಹೆಸರು. ವಾರೆನ್ ಎಂದರೆ ಡಚ್ಚರ ಮಾತಿನಲ್ಲಿ ಯಾನಮಾಡುವುದು. ಮೊದಲ ಅಕ್ಷರವು ಪೋರ್ಚುಗೀಸರ ಜಯವನ್ನೂ ಡಚ್ಚರ ಶಾಂತಿಯನ್ನೂ ಒಟ್ಟಿಗೆ ಸೂಚಿಸುತ್ತದೆ. ಪೋರ್ಚುಗೀಸ್ ನಾವೆಗಳಿಗೆ ಹದಿನಾರನೆಯ ಶತಮಾನದಲ್ಲಿ ರೇವನ್ನು ತೆರೆದ, ದೇಶವೆಲ್ಲ ಬಾಗಿಲು ಮುಚ್ಚಿದ್ದ ಎರಡು ಶತಮಾನಗಳ ಕಾಲ ದೇಜಿಮಾ ದ್ವೀಪದಲ್ಲಿ ಡಚ್ಚರನ್ನು ಇರಗೊಟ್ಟ, 1945ರ ಆಗಸ್ಟ್ 9ರಂದು ಅಣುಬಾಂಬಿನ ಉರಿಯನ್ನುಂಡ ಊರು ಅದು. ಆ ಇತಿಹಾಸವೆಲ್ಲ ಒಂದು ಹೆಸರಿನಲ್ಲಿ ಅಡಗಿದೆ. ಹಳೆಯ ಒಡೆಯರ ಗುರುತು ಪೂರ್ತಿ ಅಳಿದ ಹಾಗೂ ಅಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಉರಾವಾದ ರೆಡ್ ಡೈಮಂಡ್ಸ್ ಮಿತ್ಸುಬಿಷಿಯ ಮೂರು ವಜ್ರಾಕೃತಿಗಳ ಲಾಂಛನವೇ. ಕಾಶಿವಾದ ರೇಸೋಲ್ ಎಂಬ ಸೂರ್ಯರಾಜನ ಹಿಂದೆ, ಹೆಸರಿನ ಮೊದಲಕ್ಷರದಲ್ಲಿಯೇ ಸೂರ್ಯನನ್ನುಳ್ಳ ಹಿಟಾಚಿ ಇದೆ. ಜೆಫ್ ಯುನೈಟೆಡ್ ಎಂಬಲ್ಲಿ ರೈಲ್ವೆ ಕಂಪನಿಯೊಂದರ ಮತ್ತು ಫುರುಕಾವಾದ ಆದ್ಯಕ್ಷರಗಳಿವೆ. ಈ ಕೊನೆಯದನ್ನು ನಾನು ನಿಯಮದ ಭಂಗವೆಂದೇ ಎಣಿಸುತ್ತೇನೆ.

ಊರಿನಿಂದ ಹುಟ್ಟಿದ ಹೆಸರಿಗೂ ಎಲ್ಲಿಗಾದರೂ ಸಲ್ಲುವ ಹೆಸರಿಗೂ ಇರುವ ಅಂತರ ಕಾಲಕ್ರಮದಲ್ಲಿ ಗೋಚರವಾಯಿತು. ವೆರ್ಡಿ ಎಂದರೆ ಹಸಿರು, ಅಷ್ಟೆ. 2001ರಲ್ಲಿ ಕವಾಸಾಕಿಯನ್ನು ಬಿಟ್ಟು ಟೋಕಿಯೋ ಸೇರುವಾಗ ಆ ಹೆಸರಿಗೆ ಯಾವ ಅಡ್ಡಿಯೂ ಆಗಲಿಲ್ಲ. ಮೂರು ಬಾಣಗಳನ್ನು ಹಾಗೆ ಹಿರೋಶಿಮಾದಿಂದ ಕಿತ್ತೊಯ್ಯಲಾದೀತೆ? ಯೊಕೊಹಾಮಾದಲ್ಲಿ, 1859ರಲ್ಲಿ ತೆರೆದ ಬಂದರಿನ ನಾವಿಕರನ್ನು ಸೂಚಿಸುವ ಮಾರಿನೋಸ್ ಜೊತೆಗೆ, ಫ್ಲ್ಯೂಗೆಲ್ಸ್ ಎಂಬ ಇನ್ನೊಂದು ತಂಡವಿತ್ತು. ರೆಕ್ಕೆ ಎಂಬ ಜರ್ಮನ್ ಪದದಿಂದ ಬಂದ ಆ ಹೆಸರು ಒಡೆತನದ ವಿಮಾನ ಸಂಸ್ಥೆಗೆ ಒಪ್ಪುತ್ತಿದ್ದುದಲ್ಲದೆ ನೆಲಕ್ಕೆ ಸೇರಿದುದಾಗಿರಲಿಲ್ಲ. 1998ರ ಶರತ್ಕಾಲದಲ್ಲಿ ಹಣ ಹೂಡಿದವರು ಹಿಂದೆ ಸರಿದಾಗ ತಂಡವನ್ನು ಮಾರಿನೋಸ್ ಒಳಗೆ ವಿಲೀನಗೊಳಿಸುವುದೆಂದು ಘೋಷಿಸಿದರು. ಕೊನೆಯ ಪಂದ್ಯವಾಗಿ 1999ರ ಜನವರಿ 1ರಂದು ಚಕ್ರವರ್ತಿ ಕಪ್ಪಿನ ಅಂತಿಮದಲ್ಲಿ ಶಿಮಿಜು ತಂಡವನ್ನು 2–1ರಿಂದ ಸೋಲಿಸಿ ಕಪ್ಪನ್ನು ಎತ್ತಿಹಿಡಿದು ಫ್ಲ್ಯೂಗೆಲ್ಸ್ ಇಲ್ಲವಾಯಿತು. ಗೆದ್ದ ತಂಡದ ನೆನಪಿಗೆ ಎಂದು ಮಾರಿನೋಸ್ ಹೆಸರಿನ ಮುಂದೆ ಎಫ್ ಅಕ್ಷರವೊಂದನ್ನು ಇಟ್ಟರು. ಅಭಿಮಾನಿಗಳು ಆ ಒಂದಕ್ಷರದಿಂದ ತೃಪ್ತರಾಗಲಿಲ್ಲ. ತಾವೇ ಹಣ ಕೂಡಿಸಿ ಹೊಸ ತಂಡವನ್ನು ಸ್ಥಾಪಿಸಿ, ಅದಕ್ಕೆ ರೆಕ್ಕೆ, ನಕ್ಷತ್ರ, ಬಾಣ ಯಾವುದನ್ನೂ ಬೇಡದೆ ಯೊಕೊಹಾಮಾ ಎಫ್.ಸಿ. ಎಂದಷ್ಟೇ ಹೆಸರಿಟ್ಟರು. ಆ ತಂಡವು 2006ರಲ್ಲಿ ಎರಡನೆಯ ದರ್ಜೆಯನ್ನು ಗೆದ್ದು 2007ರಲ್ಲಿ ಮೊದಲ ದರ್ಜೆಯನ್ನು ಪ್ರವೇಶಿಸಿತು.