ಬೆಕ್ಕಿನ ಊಟದ ಬದಲಾವಣೆ

ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಹಾಲನ್ನ ತಿಂದು ಬೆಳೆದ ಬೆಕ್ಕೊಂದುಂಟು. ಒಂದು ದಿನ ನಾವು ಅದರ ತಟ್ಟೆಗೆ ಅಂಗಡಿಯ ಒಣ ಆಹಾರವನ್ನು ಸುರಿದೆವು. ಅದು ಮೂಸಿ ನೋಡಿ ಹೊರಟುಹೋಯಿತು. ಹಸಿದರೆ ತಾನೇ ತಿಂದೀತೆಂದು ದಿನವಿಡೀ ಸುಮ್ಮನಿದ್ದೆವು. ಅದು ನಮ್ಮ ತಪ್ಪು. ಎರಡು ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ, ಅದರಲ್ಲಿಯೂ ಸ್ಥೂಲಕಾಯದ ಬೆಕ್ಕಿನ, ಮೈಯ ಕೊಬ್ಬು ಯಕೃತ್ತಿಗೆ ಸಾಗಿ ಅಲ್ಲಿಯೇ ಶೇಖರವಾಗಬಹುದು. ಇದು ಪ್ರಾಣಾಪಾಯದ ರೋಗ.

ಹಾಗಾದರೆ ಬದಲಾವಣೆಯಾದರೂ ಏಕೆ? ಬೆಕ್ಕು ಅಪ್ಪಟ ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ವಸ್ತುವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಅದು ಕೊರೆಯಾದರೆ ಕಣ್ಣು ಕೆಡುತ್ತದೆ. ಹೃದಯವೂ ದುರ್ಬಲವಾಗುವುದೆಂದು 1987ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ತೋರಿಸಿದರು. ಹಾಲನ್ನದಿಂದ ಈ ಕೊರತೆ ನೀಗದು.

ಮರುದಿನದಿಂದ ಹಳೆಯದು ಮುಕ್ಕಾಲು, ಹೊಸದು ಕಾಲು ಪಾಲು ಬೆರೆಸಿದೆವು. ಎರಡು ದಿನಕ್ಕೊಮ್ಮೆ ಹೊಸದರ ಪಾಲನ್ನು ಹೆಚ್ಚಿಸಿದೆವು. ಕರುಳು ಹೊಂದಿಕೊಳ್ಳಲು ವಾರವಾದರೂ ಬೇಕು. ಇನ್ನೊಂದು ಉಪಾಯ ಭೌತವಿಜ್ಞಾನದ್ದು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಊಟವನ್ನು ಅದು ಬಹುಮಟ್ಟಿಗೆ ಮೂಗಿನಿಂದಲೇ ಆರಿಸುತ್ತದೆ. ಆಹಾರಕ್ಕೆ ಬಿಸಿನೀರು ಬೆರೆಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ತಂದರೆ ವಾಸನೆಯ ಅಣುಗಳು ಹೆಚ್ಚಾಗಿ ಗಾಳಿಗೇರುತ್ತವೆ. (ಆಗತಾನೆ ಹಿಡಿದ ಇಲಿಯ ಮೈಬಿಸಿಯೂ ಹೆಚ್ಚುಕಡಿಮೆ ಅಷ್ಟೇ!) ಎಂಟನೆಯ ದಿನ ತಟ್ಟೆಯಲ್ಲಿ ಹೊಸ ಆಹಾರವಷ್ಟೇ ಇತ್ತು; ಸಂಜೆಯ ಹೊತ್ತಿಗೆ ಅದೂ ಇರಲಿಲ್ಲ.